ರೈಸ್ ಸಾಹೇಬರೂ ಮೊಳಕಾಲ್ಮೂರಿನ ಬಂಡೆಗಳೂ: ಒಂದು ಸಮೀಕ್ಷೆ

ವಿಕ್ಟೋರಿಯಾ ಮಹಾರಾಣಿಯ ಆಳಿಕೆಯಲ್ಲಿ ಹಿಂದೂಸ್ಥಾನದ ಸೇವೆಗೆ ಬಂದ ಆಂಗ್ಲ ಅಧಿಕಾರಿಗಳ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಕಡಲಿನಿಂದಲೇ ಕಥೆಯನ್ನು ತೊಡಗುತ್ತಾರೆ. ನೌಕಾಧಿಕಾರಿಗಳು ಅಳೆದ ಕೊಲ್ಲಿಗಳು, ಬರೆದ ನಕ್ಷೆಗಳು, ಕಾದಿದ ಕದನಗಳು ಇವುಗಳಿಂದ ಆ ಗ್ರಂಥಗಳ ಪುಟಗಳು ತುಂಬಿರುತ್ತವೆ. ಕನ್ನಡನಾಡಿನ ಪಡುವಣ ಕರೆಗೂ ಅಂಥವರು ಬಂದು, ಹಗ್ಗದ ತುದಿಗೆ ಸೀಸದ ತೂಕವನ್ನು ಕಟ್ಟಿ ಇಳಿಬಿಟ್ಟು, ಕಾರವಾರದ ಬಂದರಿನ ಆಳವನ್ನು ನೋಡಿದ್ದುಂಟು. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಎಂಬ ಎರಡು ತಾಲೂಕುಗಳ ನೆಲದ ಮೇಲೆ ನಿಂತು ಆ ಯುಗದ ಅಧಿಕಾರಿಯನ್ನು ನೋಡಬೇಕೆಂದರೆ ಹಡಗನ್ನು ಬಿಟ್ಟು ಕುದುರೆ, ಎತ್ತಿನ ಗಾಡಿ, ಡೇರೆಗಳನ್ನು ನೆನೆಯಬೇಕಾಗುತ್ತದೆ. ಇದು ಮಳೆ ಕೃಪಣವಾದ ಸೀಮೆ. ಮಲೆನಾಡಿನ ಮೇಲೆ ಧಾರಾಳವಾಗಿ ಸುರಿದ ಮುಂಗಾರಿನ ಮೋಡ ಇಲ್ಲಿಗೆ ಬರುವ ಹೊತ್ತಿಗೆ ಬರಿದಾಗಿರುತ್ತದೆ. ವೇದಾವತಿಯು ವರ್ಷದ ಬಹುಭಾಗ ಮರಳಿನ ಹಾಸಾಗಿ ಮಲಗಿರುತ್ತಾಳೆ. ಕಣ್ಣು ಹರಿದಷ್ಟು ದೂರವೂ ಬಂಡೆಗಳ ರಾಶಿ, ಕುರುಚಲು, ಕುರಿಯ ಹಿಂಡು, ಹುಲ್ಲುಗಾವಲು.

ಇಂಥ ಸೀಮೆಗೆ ಆ ಕಾಲದ ಅಧಿಕಾರಿಗಳು ಬರುತ್ತಿದ್ದುದಾದರೂ ಏತಕ್ಕೆ ಎಂದರೆ, ಒಂದು ಕಂದಾಯಕ್ಕೆ, ಇನ್ನೊಂದು ದನಕ್ಕೆ. ಮೈಸೂರು ಅರಸರಿಂದ ಹೈದರ್ ಟಿಪ್ಪುಗಳಿಗೂ ಅವರಿಂದ ಕುಂಪಣಿಯ ಸೇನೆಗೂ ದಾಟಿಬಂದ ಅಮೃತಮಹಲ್ ರಾಸುಗಳ ಕಾವಲುಗಳು ಚಳ್ಳಕೆರೆಯ ಬಯಲಿನಲ್ಲಿ ವಿಸ್ತಾರವಾಗಿದ್ದುವು. ತೋಪಿನ ಬಂಡಿಗಳನ್ನೆಳೆಯಲು ಆ ಎತ್ತುಗಳಿಗೆ ಸಮನಾದುವು ಬೇರೆ ಇರಲಿಲ್ಲವಾದರೂ ಮದರಾಸಿನ ಸರ್ಕಾರವು ಖರ್ಚು ಹೆಚ್ಚೆಂದು 1860ರಲ್ಲಿ ಹಿಂಡನ್ನೇ ವಿಕ್ರಯಿಸಿ, ಬೇರೆಡೆ ಅಂಥ ಎತ್ತು ಸಿಗದೆ ಪರಿತಪಿಸಿ, 1866ರಲ್ಲಿ ಮತ್ತೆ ಕೂಡಿಹಾಕತೊಡಗಿತು. ಬುದ್ಧಿವಂತರ ಆಡಳಿತದಲ್ಲಿಯೂ ಇಂಥ ಪ್ರಹಸನಗಳಿಗೆ ಕೊರತೆಯಿಲ್ಲ. ಕಂದಾಯಕ್ಕೂ ದನಕ್ಕೂ ಬಂದವರ ಹೆಸರುಗಳನ್ನು ಊರು ಮರೆತಿದೆ. ಕಲ್ಲುಗಳಿಗಾಗಿ ಬಂದ ಒಬ್ಬರ ಹೆಸರು ಮಾತ್ರ ಉಳಿದಿದೆ; ಅವರು ಬೆಂಜಮಿನ್ ಲೂಯಿ ರೈಸ್.

ರೈಸರು ಹುಟ್ಟಿದ್ದು 1837ನೆಯ ಇಸವಿ ಜುಲೈ 17ರಂದು, ಬೆಂಗಳೂರಿನಲ್ಲಿ. ವಿಕ್ಟೋರಿಯಾ ಪಟ್ಟಕ್ಕೆ ಬಂದು ಆಗ ಇನ್ನೂ ತಿಂಗಳು ತುಂಬಿರಲಿಲ್ಲ. ಅದೇ ವರ್ಷದಲ್ಲಿ ಕಲ್ಕತ್ತೆಯ ಟಂಕಶಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಬೀಗವನ್ನು ತೆರೆದದ್ದೂ, ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಎಂಬ ಇನ್ನೊಬ್ಬ ಅಧಿಕಾರಿ ಪಾಳಿ ಗ್ರಂಥಗಳ ಬಲದಿಂದ ಶಾಸನಗಳ ಪಿಯದಸಿ ರಾಜನು ಅಶೋಕನೇ ಎಂದು ತೋರಿಸಿದ್ದೂ ನಡೆದವು. ಜಾತಕ ನೋಡುವವರು ಇದರಿಂದ ಏನನ್ನಾದರೂ ಊಹಿಸಿಕೊಳ್ಳಲಿ. ನಮಗೆ ಬೇಕಾದುದಿಷ್ಟೆ: ರೈಸರ ಬದುಕು ಆ ಯುಗದೊಡನೆ ಹುಟ್ಟಿ, ಅದರ ವಿದ್ಯೆ, ಅದರ ಅಹಂಕಾರ, ಅದರ ದುಡಿಮೆ ಈ ಮೂರನ್ನೂ ಹೊತ್ತು ನಡೆಯಿತು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ಬೆಂಗಳೂರಿನ ಅವೆನ್ಯೂ ರಸ್ತೆಯ ಚರ್ಚು ಇಂದಿಗೂ ಅವರ ಹೆಸರನ್ನೇ ಧರಿಸಿದೆ. ಮಗನು ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಹಿಂದಿರುಗಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯನಾದನು. 1865ರಲ್ಲಿ ಮೈಸೂರು ಕೊಡಗುಗಳ ಶಾಲಾ ತನಿಖಾಧಿಕಾರಿ, 1868ರಲ್ಲಿ ವಿದ್ಯಾ ಇಲಾಖೆಯ ನಿರ್ದೇಶಕ, 1882ರ ಹಂಟರ್ ವಿದ್ಯಾ ಆಯೋಗದಲ್ಲಿ ಕಾರ್ಯದರ್ಶಿ, ಅಲ್ಲಿಂದ ಮುಂದೆ ಪ್ರಾಕ್ತನ ಸಂಶೋಧನೆ, 1890ರಿಂದ ಪೂರ್ಣಾವಧಿಯಾಗಿ, 1906ರಲ್ಲಿ ನಿವೃತ್ತಿ.

ಈ ಅಧಿಕಾರಯಾತ್ರೆಯನ್ನು ತೂಗಿದವರಲ್ಲಿ ಮೂರು ಪಂಗಡಗಳುಂಟು. ಕನ್ನಡಿಗರಲ್ಲಿ ಬಹುಮಂದಿ ಅವರನ್ನು ಶಾಸನ ಪಿತಾಮಹರೆಂದು ಕೊಂಡಾಡಿ ಅಷ್ಟಕ್ಕೇ ಕೈಮುಗಿದು ಸುಮ್ಮನಾಗುತ್ತಾರೆ. ಲಿಪಿಶಾಸ್ತ್ರಜ್ಞರು, ರೈಸರ ಪಾಠಗಳಲ್ಲಿ ಅವಸರದ ಓದುಗಳಿವೆ, ಕಾಲನಿರ್ಣಯದಲ್ಲಿ ಸಡಿಲವಿದೆ, ತಾಮ್ರಪಟಗಳ ವಿಷಯದಲ್ಲಿ ವಿಶ್ವಾಸ ಹೆಚ್ಚಾಯಿತು ಎಂದು ಗುಣದೋಷಗಳ ಪಟ್ಟಿಯನ್ನು ಮುಂದಿಡುತ್ತಾರೆ. ಇತ್ತೀಚಿನ ಚರಿತ್ರಕಾರರಾದರೋ, ಆಳುವವರಿಗೆ ಆಳಿಸಿಕೊಳ್ಳುವವರ ನೆಲ, ಜಾತಿ, ನಂಬಿಕೆ, ಹಳೆಯ ದಾನಪತ್ರಗಳು ಎಲ್ಲವೂ ತಿಳಿದಿರಬೇಕೆಂಬ ರಾಜಕಾರಣದ ಅಂಗವಾಗಿಯೇ ಇಂಥ ವಿದ್ವತ್ತು ಬೆಳೆಯಿತೆನ್ನುತ್ತಾರೆ. ಮೂರರಲ್ಲಿಯೂ ಸತ್ಯವಿದೆ. ಆದರೆ ಮೂರೂ ಪಂಗಡದವರು ರೈಸರ ಸಾಧನೆಯ ಮೂಲಗುಣವನ್ನು ಗಮನಿಸದೆ ಮುಂದೆ ಹೋಗಿದ್ದಾರೆಂದು ನನಗೆ ತೋರುತ್ತದೆ. ರೈಸರು ಹೋಬಳಿ ತಾಲೂಕುಗಳ ಲೆಕ್ಕದಲ್ಲಿ ಪಳಗಿದ ಅಧಿಕಾರಿಯಾಗಿದ್ದು, ಆ ಲೆಕ್ಕದ ಬುದ್ಧಿಯನ್ನೇ ವಿದ್ವತ್ತಿಗೆ ತಂದರು. ಅವರ ವಿದ್ವತ್ತಿನ ದೊಡ್ಡಸ್ತಿಕೆ ಅವರು ಓದಿದ ಯಾವುದೊಂದು ಶಾಸನಕ್ಕಿಂತಲೂ ಹೆಚ್ಚಾಗಿ ಆ ಕ್ರಮದಲ್ಲಿಯೇ ಇದೆ.

ವಿದ್ಯಾ ಇಲಾಖೆಯ ದಿನಗಳನ್ನೇ ನೋಡಬಹುದು. 1868ರಲ್ಲಿ ಅವರು ಮುಂದಿಟ್ಟ ಯೋಜನೆಯ ಸಾರ, ಹೋಬಳಿಗೊಂದು ಶಾಲೆಯಾಗಬೇಕು ಎಂಬುದು. ನಗರಗಳಲ್ಲಿ ಇಂಗ್ಲಿಷ್ ಶಾಲೆ ತೆರೆದು, ವಿದ್ಯೆಯು ಮೇಲಿನಿಂದ ಕೆಳಕ್ಕೆ ತಾನಾಗಿ ಇಳಿದೀತೆಂದು ಕಾದು ಕುಳಿತಿರುವ ನೀತಿಯು ಅಂದು ಬಲವಾಗಿದ್ದ ಕಾಲದಲ್ಲಿ, ಹಳ್ಳಿಯವರು ಕಟ್ಟಡವನ್ನು ಒದಗಿಸಿದರೆ ಸರ್ಕಾರವು ಉಪಾಧ್ಯಾಯನನ್ನು ಕೊಡುವುದೆಂಬ ಈ ಏರ್ಪಾಡು ಸಾಮಾನ್ಯವಾದುದಲ್ಲ. ಶಾಲೆಗಳ ತನಿಖೆಗೆಂದು ಕುದುರೆಯ ಮೇಲೆ ಊರೂರು ತಿರುಗುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಅಕ್ಷರದ ಕಲ್ಲುಗಳು ಅವರ ಕಣ್ಣಿಗೆ ಬಿದ್ದುವು. ಕನ್ನಡ ಬಲ್ಲ ಸಾಹೇಬರೆಂದು ಊರವರು ಓದಿ ಹೇಳಿರೆಂದು ಕೇಳುತ್ತಿದ್ದರೆಂದೂ, ಓದಲು ಬಾರದಿದ್ದುದೇ ಈ ವಿದ್ಯೆಯ ಕಡೆಗೆ ಅವರನ್ನು ನೂಕಿತೆಂದೂ ಒಂದು ಪ್ರತೀತಿಯಿದೆ. ಅಷ್ಟರಲ್ಲಿ ಇನ್ನೊಂದು ನಿಮಿತ್ತವೂ ಕೂಡಿಬಂತು. ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು 1865ರ ಸುಮಾರಿಗೆ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಅವುಗಳನ್ನು ಓದಿ ಭಾಷಾಂತರಿಸುವ ಹೊರೆ ರೈಸರ ಮೇಲೆ ಬಿತ್ತು. ಆ ಕೆಲಸದ ಫಲವೇ 1879ರಲ್ಲಿ ಹೊರಬಂದ ಮೈಸೂರು ಶಾಸನಗಳ ಸಂಪುಟ.

ರೈಸರ ಗೆಜೆಟಿಯರಿನ ಮಾತನ್ನು ಇಲ್ಲಿ ಬಿಟ್ಟುಬಿಡುವಂತಿಲ್ಲ. 1876ರಿಂದ 1878ರ ವರೆಗೆ ಮೈಸೂರು ಕೊಡಗುಗಳ ಗೆಜೆಟಿಯರು ಹೊರಬರುತ್ತಿದ್ದಾಗಲೇ ಆ ನಾಡನ್ನು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ತಿನ್ನುತ್ತಿತ್ತು. 1871ರ ಖಾನೇಸುಮಾರಿಯಲ್ಲಿ 50 ಲಕ್ಷಕ್ಕೆ ಮಿಕ್ಕಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಬೆಳವಲು ಸೀಮೆಯಾದ ಚಿತ್ರದುರ್ಗದ ಬಡಗಣ ತಾಲೂಕುಗಳು ಆ ವಿಪತ್ತಿಗೆ ಎದೆಯೊಡ್ಡಿ ನಿಂತ ನೆಲ. ಬೆಳೆ, ಕೆರೆ, ಜಾತಿ, ಕಸುಬು, ಜಾತ್ರೆ ಎಂದು ಗೆಜೆಟಿಯರು ಎಣಿಸಿಟ್ಟ ಊರುಗಳಲ್ಲಿ ಎಷ್ಟೋ, ಅಚ್ಚಿನ ಶಾಯಿ ಆರುವುದರೊಳಗೆ ಅರ್ಧ ಬರಿದಾದುವು. ಎಣಿಕೆಯ ವಿದ್ಯೆಯಿಂದ ಒಂದು ಕಾಳೂ ಹುಟ್ಟಲಿಲ್ಲವೆಂದು ಆ ವಿದ್ಯೆಯನ್ನು ಹಳಿಯುವವರಿಗೆ ಉತ್ತರ ಕೊಡುವುದು ಕಷ್ಟ. ಆದರೂ 1897ರಲ್ಲಿ ರೈಸರೇ ತಿದ್ದಿ ಬೆಳೆಸಿದ ಎರಡನೆಯ ಆವೃತ್ತಿಯನ್ನು ತೆರೆದು ತಾಲೂಕು ತಾಲೂಕಿನ ವಿವರಗಳನ್ನು ನೋಡಿದಾಗ, ಒಂದು ಕಾಲದಲ್ಲಿ ದೊಡ್ಡೇರಿಯ ಹೆಸರನ್ನು ಹೊತ್ತಿದ್ದ ಚಳ್ಳಕೆರೆಯ ತಾಲೂಕು ಒಂದು ವ್ಯಕ್ತಿತ್ವವನ್ನು ಪಡೆದು ಕಣ್ಣ ಮುಂದೆ ನಿಲ್ಲುತ್ತದೆ. 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆಯು ಮೊಗಲರ ಸೇನಾನಿ ಕಾಸಿಂಖಾನನನ್ನು ಮುತ್ತಿ ನಾಶಗೊಳಿಸಿದ್ದು ಇದೇ ದೊಡ್ಡೇರಿಯಲ್ಲಿ. ದಿಲ್ಲಿಯ ಚರಿತ್ರೆಯ ಒಂದು ಗಂಟು ಇಲ್ಲಿ ಬಿಚ್ಚಿಹೋಯಿತೆಂಬುದನ್ನು ಅಲ್ಲಿನ ನೆಲಗಡಲೆಯ ಹೊಲಗಳ ನಡುವೆ ಹಾದುಹೋಗುವವರಲ್ಲಿ ಎಷ್ಟು ಮಂದಿ ಬಲ್ಲರು!

ಇನ್ನು 1892ರ ಮಾತು. ಆ ವರ್ಷ ಮೊಳಕಾಲ್ಮೂರು ತಾಲೂಕಿನಲ್ಲಿ, ಚಿಕ್ಕ ಹಗರಿಯೆಂದೂ ಜನಗಹಳ್ಳವೆಂದೂ ಕರೆಯಲ್ಪಡುವ ತೊರೆಯ ಆಸುಪಾಸಿನಲ್ಲಿ, ಕೆಲವೇ ಮೈಲಿಗಳ ಅಂತರದೊಳಗೆ ಮೂರು ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ರೈಸರು ಗುರುತಿಸಿದರು. ಒಂದು ಬ್ರಹ್ಮಗಿರಿಯ ಬುಡದಲ್ಲಿ, ಒಂದು ಸಿದ್ಧಾಪುರದ ಬಳಿ, ಮತ್ತೊಂದು ಜಟಾಯುವು ಬಿದ್ದ ಸ್ಥಳವೆಂದು ಪ್ರಸಿದ್ಧವಾದ ಜಟಿಂಗರಾಮೇಶ್ವರದ ಬೆಟ್ಟದ ಮೇಲೆ. ಅಲ್ಲಿಯವರೆಗೆ ಅಶೋಕನ ಲಿಪಿಗಳು ದೊರೆತಿದ್ದ ಸ್ಥಳಗಳಲ್ಲಿ ತೆಂಕಣದ ಎಲ್ಲೆಯೆಂದರೆ ಪೂರ್ವದಲ್ಲಿ ಕಳಿಂಗ, ಪಶ್ಚಿಮದಲ್ಲಿ ಮುಂಬಯಿಯ ಸಮೀಪದ ಸೋಪಾರ. ತುಂಗಭದ್ರೆಯ ದಕ್ಷಿಣಕ್ಕೆ ಮೌರ್ಯರ ಆಜ್ಞೆ ನಡೆಯುತ್ತಿದ್ದಿತೆಂಬ ಮಾತು ಐತಿಹ್ಯದ ಮಟ್ಟದಲ್ಲಿದ್ದುದು ಒಂದೇ ಹೊಡೆತಕ್ಕೆ ಪ್ರಮಾಣದ ಪದವಿಗೇರಿತು. ಭರತಖಂಡದ ಭೂಪಟದಲ್ಲಿ ಮೌರ್ಯ ಸಾಮ್ರಾಜ್ಯದ ಗೆರೆ ನೂರಾರು ಮೈಲಿ ಕೆಳಗೆ ಸರಿಯಿತು. ಸರಿಸಿದ್ದು ಮೊಳಕಾಲ್ಮೂರಿನ ಬಂಡೆ.

ಗುರುತಿಸಿದರು ಎಂದೆನಷ್ಟೆ, ಕಂಡುಹಿಡಿದರು ಎನ್ನಲು ಮನಸ್ಸು ಒಪ್ಪುವುದಿಲ್ಲ. ಬ್ರಹ್ಮಗಿರಿಯ ಕಲ್ಲನ್ನು ಊರವರು ಅಕ್ಷರಗುಂಡು ಎಂದು ಮೊದಲೇ ಕರೆಯುತ್ತಿದ್ದರು. ಸಿದ್ಧಾಪುರದ ಬಂಡೆಗಳು ಎಮ್ಮೆ ಕಾಯುವ ತಿಮ್ಮಯ್ಯನೊಬ್ಬನ ಹೆಸರಿನಲ್ಲಿದ್ದುವು. ಜಟಿಂಗರಾಮೇಶ್ವರದ ಕಲ್ಲಿಗೆ ಬಳೆಗಾರಗುಂಡು ಎಂದು ಹೆಸರು. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅಂಗಡಿ ಹೂಡಲು ಗಳು ನೆಡುವುದಕ್ಕಾಗಿ ಆ ಬಂಡೆಯಲ್ಲಿಯೇ ಕುಳಿ ತೋಡುತ್ತ ಬಂದುದರಿಂದ ಅಕ್ಷರಗಳಲ್ಲಿ ಬಹುಭಾಗ ಅಳಿದುಹೋಗಿದ್ದುವು. ಚಕ್ರವರ್ತಿಯ ಧರ್ಮಾಜ್ಞೆಯ ಮೇಲೆ ಎರಡು ಸಾವಿರ ವರ್ಷದ ತರುವಾಯ ಗಾಜಿನ ಬಳೆಯ ಮಲಾರಗಳು ತೂಗುತ್ತಿದ್ದುವೆಂಬುದನ್ನು ಕೇಳಿ ಪಂಡಿತರು ಮರುಗಿದ್ದಾರೆ. ನನಗೇನೋ ಅದರಲ್ಲಿ ಅಂಥ ಅಪಚಾರವೇನೂ ಕಾಣುವುದಿಲ್ಲ. ಜನ ಕೂಡುವ ಸ್ಥಳವೆಂದೇ ಅಲ್ಲವೆ ಆ ಆಜ್ಞೆಯನ್ನು ಅಲ್ಲಿ ಕೆತ್ತಿಸಿದ್ದು? ಬಂಡೆಗಳನ್ನು ಕಾಪಾಡಿ ಹೆಸರಿಟ್ಟುಕೊಂಡಿದ್ದವರು ದನಗಾಹಿಗಳು, ಬಳೆಗಾರರು. ಲಿಪಿಯನ್ನು ಓದಬಲ್ಲವರು ಅಲ್ಲಿಯವರೆಗೆ ಬಂದು ನಿಂತದ್ದು ಮಾತ್ರ 1892ರಲ್ಲಿ.

ಶಾಸನದ ವಸ್ತುವು ಎಷ್ಟು ಸ್ವಾರಸ್ಯವಾದುದೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ದೇವಾನಾಂಪ್ರಿಯನೆಂಬ ಬಿರುದಿನ ರಾಜನ ಆಣತಿಯನ್ನು ತಿಳಿಸುತ್ತಾರೆ. ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಗೆ ಬರೆದ ಕಾಗದದ ಧಾಟಿ ಅದು. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಹೋದ ಆ ಪತ್ರವನ್ನು ಇಪ್ಪತ್ತೊಂದು ಶತಮಾನಗಳು ಕಳೆದ ಮೇಲೆ ಓದಿದವನೂ ಕಚೇರಿಯ ಮನುಷ್ಯನೇ ಆಗಿದ್ದನೆಂಬುದು ಕಾಕತಾಳೀಯವಾದರೂ ಉಚಿತವಾಗಿದೆ. ರಾಜನು ತಾನು ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಉಪಾಸಕನಾಗಿದ್ದು, ಮೊದಲು ಅಷ್ಟಾಗಿ ಉತ್ಸಾಹ ತೋರದೆ, ಬೌದ್ಧ ಸಂಘವನ್ನು ಸಮೀಪಿಸಿದ ಬಳಿಕ ತೀವ್ರವಾಗಿ ಪ್ರಯತ್ನಿಸಿದನೆಂದು ಒಪ್ಪಿಕೊಳ್ಳುತ್ತಾನೆ. ಸ್ವರ್ಗವು ದೊಡ್ಡವರಿಗೆ ಮಾತ್ರವಲ್ಲದೆ ಚಿಕ್ಕವನಿಗೂ ಪ್ರಯತ್ನದಿಂದ ಸಾಧ್ಯವೆನ್ನುತ್ತಾನೆ. ಬಳಿಕ ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಗುರುವಿನಲ್ಲಿ ಶಿಷ್ಯನ ಗೌರವ ಇವನ್ನು ಹೇಳಿ, ಇದೇ ಪುರಾತನವಾದ ನಡೆಯೆಂದು ಮುಗಿಸುತ್ತಾನೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಅಂಕಿತ. ಇಡೀ ಶಾಸನವು ಬ್ರಾಹ್ಮಿಯಲ್ಲಿದ್ದು ಲಿಪಿಕಾರನೆಂಬ ಆ ಕಡೆಯ ಮಾತು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿದೆ. ಗಾಂಧಾರದ ಕಡೆಯ ಲಿಪಿಯನ್ನು ಬಲ್ಲ ಗುಮಾಸ್ತನೊಬ್ಬನು ಮೊಳಕಾಲ್ಮೂರಿನ ಬಿಸಿಲಿನಲ್ಲಿ ನಿಂತು ತನ್ನ ವಿದ್ಯೆಯನ್ನು ಒಂದಿಷ್ಟು ಮೆರೆಸಿದನೆಂದು ತೋರುತ್ತದೆ.

ಶಾಸನದಲ್ಲಿ ಬರುವ 256 ಎಂಬ ಅಂಕೆಯ ಮೇಲೆ ನಡೆದ ಚರ್ಚೆ ಒಂದು ಗ್ರಂಥಕ್ಕಾಗುವಷ್ಟಿದೆ. ಬುದ್ಧನ ನಿರ್ವಾಣದಿಂದ ಸಂದ ವರ್ಷಗಳೆಂದು ಬ್ಯೂಲರ್ ಮೊದಲಾದ ಪಂಡಿತರು ಭಾವಿಸಿದರು. ರಾಜನು ಸಂಚಾರದಲ್ಲಿ ಕಳೆದ ರಾತ್ರಿಗಳ ಸಂಖ್ಯೆಯೆಂಬ ಅರ್ಥವೇ ಕಡೆಗೆ ನಿಂತಿತು. ಸುವರ್ಣಗಿರಿಯನ್ನು ಕೆಲವರು ಮಸ್ಕಿಯ ಬಳಿಯ ಕನಕಗಿರಿಯೆಂದರು, ಕೆಲವರು ಎರ್ರಗುಡಿಯ ಬಳಿಯ ಜೊನ್ನಗಿರಿಯೆಂದರು. ಇಸಿಲವನ್ನು ಬ್ರಹ್ಮಗಿರಿಯ ಬುಡದಲ್ಲಿಯೇ ಹುಡುಕಬೇಕೆಂದು ಎಂ. ಎಚ್. ಕೃಷ್ಣ ಅವರು ಮೈಸೂರು ಇಲಾಖೆಯ ಪರವಾಗಿ ಅಗೆಸಿದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಅವರು ಬಂದು ಪದರ ಪದರವಾಗಿ ಬಿಡಿಸಿ, ಕೆಳಗೆ ಕಲ್ಲುಕೊಡಲಿಯವರು, ಅವರ ಮೇಲೆ ಕಬ್ಬಿಣವನ್ನು ಬಳಸುತ್ತ ಬೃಹತ್ ಶಿಲೆಗಳ ಗೋರಿಗಳನ್ನು ಕಟ್ಟಿದವರು, ಅವರ ಮೇಲೆ ಶಾತವಾಹನರ ಕಾಲದವರು ಎಂದು ಅನುಕ್ರಮವನ್ನು ತೋರಿಸಿದರು. ಆ ಅನುಕ್ರಮಕ್ಕೆ ಕಾಲವನ್ನು ಕೊಟ್ಟದ್ದು ಪುದುಚೇರಿಯ ಬಳಿಯ ಅರಿಕಮೇಡು. ರೋಮಿನ ಹಡಗುಗಳೊಡನೆ ವ್ಯಾಪಾರ ಮಾಡುತ್ತಿದ್ದ ಆ ಬಂದರಿನಲ್ಲಿ ದೊರೆತ ಚಕ್ರಗೆರೆಯ ಮಡಕೆಗಳ ಜಾತಿಯೇ ಬ್ರಹ್ಮಗಿರಿಯ ಮೇಲ್ಪದರದಲ್ಲಿಯೂ ಸಿಕ್ಕಿತು. ಕಡಲೇ ಕಾಣದ ಈ ಸೀಮೆಯ ಕಾಲಗಣನೆಗೆ ಕಡೆಗೆ ಕಡಲಿನವರೇ ನೆರವಾದರು.

ರೈಸರ ಶಾಸನಕೋಶದ ಕ್ರಮದ ವಿಷಯಕ್ಕೆ ಬರೋಣ. ಎಪಿಗ್ರಾಫಿಯ ಕರ್ನಾಟಿಕ ಎಂಬ ಹೆಸರಿನಲ್ಲಿ 1886ರಿಂದ 1905ರ ವರೆಗೆ 12 ಸಂಪುಟಗಳು, ಸುಮಾರು 9,000 ಶಾಸನಗಳು ಪ್ರಕಟವಾದುವು. ಹನ್ನೊಂದನೆಯದು ಚಿತ್ರದುರ್ಗದ ಜಿಲ್ಲೆಯದು. ಅನ್ಯರಾದರೆ ಅವನ್ನು ರಾಜವಂಶಗಳ ಅಥವಾ ಕಾಲದ ಸರಣಿಯಲ್ಲಿ ಪೋಣಿಸುತ್ತಿದ್ದರು. ರೈಸರು ತಾಲೂಕಿನ ಪ್ರಕಾರ, ತಾಲೂಕಿನೊಳಗೆ ಊರಿನ ಪ್ರಕಾರ ಜೋಡಿಸಿದರು. ಅಶೋಕನ ಆಜ್ಞೆಯೂ ನೆರೆಯ ಹಳ್ಳಿಯ ವೀರಗಲ್ಲೂ ಪಾಳೆಯಗಾರನೊಬ್ಬನು ಕೊಟ್ಟ ಕೆರೆಯ ಮಾನ್ಯವೂ ಮೊಳಕಾಲ್ಮೂರಿನ ಒಂದೇ ಶಿರೋನಾಮೆಯ ಕೆಳಗೆ ಒಂದೇ ಸಾಲಿನ ಅಂಕೆಗಳನ್ನು ಪಡೆದು ನಿಂತುವು. ಚರಿತ್ರೆಯನ್ನು ಬರೆಯುವವನಿಗೆ ಇದು ಕಾಟವೇ ಸರಿ. ಹೊಯ್ಸಳರನ್ನು ಹುಡುಕುವವನು ಹನ್ನೆರಡು ಸಂಪುಟಗಳಲ್ಲಿಯೂ ಅಲೆಯಬೇಕು. ಆದರೆ ಚಳ್ಳಕೆರೆಯ ಶಾಲೆಯ ಉಪಾಧ್ಯಾಯನೊಬ್ಬನು ತನ್ನ ಊರಿನ ಗುಡಿಯ ಮುಂದಣ ಕಲ್ಲಿನಲ್ಲೇನಿದೆಯೆಂದು ತಿಳಿಯಬಯಸಿದರೆ, ಕನ್ನಡ ಲಿಪಿಯಲ್ಲಿಯೇ ಮುದ್ರಿತವಾದ ಪಾಠವನ್ನು ಆ ಸಂಪುಟದಲ್ಲಿ ಕ್ಷಣದಲ್ಲಿ ತೆಗೆಯಬಲ್ಲನು. ಹೋಬಳಿಗೆ ಶಾಲೆ ಬೇಕೆಂದ ಅಧಿಕಾರಿಯೇ ಆ ಶಾಲೆಯಲ್ಲಿ ಓದಿದವನ ಕೈಗೆಟಕುವಂತೆ ಶಾಸನಗಳನ್ನು ಜೋಡಿಸಿದನೆಂದು ನಾನು ತಿಳಿಯುತ್ತೇನೆ. ಕಂದಾಯದ ದಫ್ತರಿನಿಂದ ಬಂದ ಕ್ರಮವಿದು, ನಿಜ. ಆಳುವವರ ಲೆಕ್ಕದ ಬುದ್ಧಿಯೇ ಇದರ ತಾಯಿ. ಆದರೂ ಚಕ್ರವರ್ತಿಗಳನ್ನು ಮೇಲಕ್ಕೂ ಹಳ್ಳಿಯ ತುರುಗಾಳಗದಲ್ಲಿ ಸತ್ತವನನ್ನು ಕೆಳಕ್ಕೂ ಇಡುವ ಪಂಡಿತರ ಕ್ರಮಕ್ಕಿಂತ ಇದು ಹೆಚ್ಚು ನ್ಯಾಯವಾದುದಾಯಿತು.

ಕೊರತೆಗಳನ್ನು ಮರೆಮಾಚಬೇಕಾಗಿಲ್ಲ. ಅಷ್ಟು ಶಾಸನಗಳನ್ನು ಅಷ್ಟು ಅಲ್ಪಕಾಲದಲ್ಲಿ ಅಚ್ಚಿಗೆ ಕೊಟ್ಟವರ ಪಾಠ ನಿರ್ದುಷ್ಟವಾಗಿರುವುದು ಅಸಂಭವ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಪರಿಷ್ಕೃತ ಸಂಪುಟಗಳನ್ನು ಹೊರತರಬೇಕಾಗಿ ಬಂದುದು ಅದಕ್ಕಾಗಿಯೇ. ಮುಂಬಯಿ ಸೀಮೆಯ ಶಾಸನತಜ್ಞ ಫ್ಲೀಟ್ ಅವರೊಡನೆ ನಡೆದ ವಾದವೂ ಪ್ರಸಿದ್ಧವಾದುದು. ಗಂಗರ ತಾಮ್ರಪಟಗಳಲ್ಲಿ ಬಹುಭಾಗವನ್ನು ಫ್ಲೀಟರು ಕೂಟಸೃಷ್ಟಿಯೆಂದು ತಳ್ಳಿದರೆ ರೈಸರು ಎತ್ತಿಹಿಡಿದರು. ಶ್ರವಣಬೆಳಗೊಳಕ್ಕೆ ಭದ್ರಬಾಹುವಿನೊಡನೆ ಚಂದ್ರಗುಪ್ತ ಮೌರ್ಯನೇ ಬಂದನೆಂಬ ಜೈನ ಐತಿಹ್ಯವನ್ನು ರೈಸರು ನಂಬಿದರು, ಫ್ಲೀಟರು ಒಲ್ಲೆನೆಂದರು. ಮೊಮ್ಮಗನ ಶಾಸನಗಳು ಮೊಳಕಾಲ್ಮೂರಿನಲ್ಲಿ ದೊರೆತ ಮೇಲೆ ಅಜ್ಜನು ಬೆಳಗೊಳಕ್ಕೆ ಬಂದುದೇನು ಆಶ್ಚರ್ಯವೆಂಬುದು ರೈಸರ ತರ್ಕ. ತರ್ಕವು ಸುಂದರವಾಗಿದೆಯೇ ಹೊರತು ನಿರ್ಣಾಯಕವಲ್ಲ. ಮೌರ್ಯರ ಆಜ್ಞೆ ಇಲ್ಲಿ ನಡೆಯಿತೆಂಬುದರಿಂದ ಮೌರ್ಯನೊಬ್ಬನು ಇಲ್ಲಿ ಸಲ್ಲೇಖನ ವ್ರತ ಕೈಕೊಂಡನೆಂದು ಹೇಗೆ ಸಿದ್ಧಿಸೀತು? ತಾಮ್ರಪಟಗಳ ವಿಷಯದಲ್ಲಿಯೂ ಒಟ್ಟಿನ ಮೇಲೆ ಫ್ಲೀಟರ ಸಂಶಯವೇ ಹೆಚ್ಚು ಆರೋಗ್ಯಕರವಾದುದು.

ಸಾಹಿತ್ಯಸೇವೆಯ ಮಾತು ಬೇರೆಯಾಗಿಯೇ ವಿಸ್ತರಿಸತಕ್ಕದ್ದು; ಇಲ್ಲಿ ಹೆಸರಿಸಿ ಮುಂದುವರಿಯುತ್ತೇನೆ. ನಾಗವರ್ಮನ ಭಾಷಾಭೂಷಣ 1884ರಲ್ಲಿ, ಭಟ್ಟಾಕಳಂಕನ ಶಬ್ದಾನುಶಾಸನ 1890ರಲ್ಲಿ, ಪಂಪ ರಾಮಾಯಣ 1892ರಲ್ಲಿ, ಪಂಪ ಭಾರತವೂ ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ 1898ರಲ್ಲಿ ಅವರ ಗ್ರಂಥಮಾಲೆಯ ಮೂಲಕ ಬೆಳಕು ಕಂಡುವು. ಕನ್ನಡಕ್ಕೆ ಸಾವಿರ ವರ್ಷದ ಸಾಹಿತ್ಯವಿದೆಯೆಂಬ ನೆಚ್ಚಿಕೆ ಇಪ್ಪತ್ತನೆಯ ಶತಮಾನದ ಕನ್ನಡಿಗರಿಗೆ ಬಂದುದರಲ್ಲಿ ಈ ಅಚ್ಚಿನ ಪುಸ್ತಕಗಳ ಪಾಲು ದೊಡ್ಡದು.

ಈ ಎಲ್ಲ ಕೆಲಸದ ಹಿಂದೆ ಇಲಾಖೆಯ ಕನ್ನಡ ಸಂಸ್ಕೃತ ಪಂಡಿತರಿದ್ದರು. ಕಲ್ಲಿನ ಮೇಲೆ ಕಾಗದವನ್ನು ತಟ್ಟಿ ಅಚ್ಚು ತೆಗೆದವರು, ಮಬ್ಬಿನಲ್ಲಿ ಕಂಗೆಟ್ಟು ಅಕ್ಷರ ಬಿಡಿಸಿದವರು, ಶ್ಲೋಕಕ್ಕೆ ಅರ್ಥ ಹಚ್ಚಿದವರು ಅವರು. ಮುಖಪುಟದ ಮೇಲೆ ಒಬ್ಬರ ಹೆಸರಿರುವುದು ಆ ಕಾಲದ ಪದ್ಧತಿ. ಅವರಲ್ಲಿ ಸಾಹೇಬರ ನೆರಳಿನಿಂದ ಹೊರಗೆ ಬಂದು ಸ್ವಂತ ಕೀರ್ತಿಯನ್ನು ಗಳಿಸಿದವರು ಆರ್. ನರಸಿಂಹಾಚಾರ್ಯರು. ರೈಸರ ಕಡೆಯ ವರ್ಷಗಳಲ್ಲಿ ಸಹಾಯಕರಾಗಿದ್ದು 1906ರಲ್ಲಿ ಇಲಾಖೆಯ ಹೊಣೆಯನ್ನು ಹೊತ್ತರು. ಮರುವರ್ಷವೇ ಅವರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಹೊರಬಿತ್ತು.

ರೈಸರು ಇಂಗ್ಲೆಂಡಿಗೆ ತೆರಳಿ, ಶಾಸನಗಳಿಂದ ತಿಳಿದುಬರುವ ಮೈಸೂರು ಕೊಡಗುಗಳ ಚರಿತ್ರೆಯನ್ನು 1909ರಲ್ಲಿ ಒಂದೇ ಗ್ರಂಥದಲ್ಲಿ ಕ್ರೋಡೀಕರಿಸಿ, 1927ನೆಯ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಹ್ಯಾರೋ ಎಂಬಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮೊಳಕಾಲ್ಮೂರಿನ ಬಂಡೆಗಳು ಒಂಟಿಯಾಗಿ ಉಳಿದಿರಲಿಲ್ಲ. ನಿಜಾಮರ ಸೀಮೆಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುವನು 1915ರಲ್ಲಿ ತೋರಿಸಿಕೊಟ್ಟ ಮಸ್ಕಿಯ ಶಾಸನದಲ್ಲಿ, ಮೊಳಕಾಲ್ಮೂರಿನಲ್ಲಿ ಬಿರುದಿನಿಂದ ಮಾತ್ರ ಕರೆಯಲ್ಪಟ್ಟಿದ್ದ ರಾಜನು ಅಶೋಕನೆಂಬ ತನ್ನ ಹೆಸರಿನಲ್ಲಿಯೇ ಕಾಣಿಸಿಕೊಂಡನು. ಬಳಿಕ ಎರ್ರಗುಡಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೊಳ, 1989ರಲ್ಲಿ ಭೀಮೆಯ ದಡದ ಸನ್ನತಿ ಸೇರಿ, ಅಶೋಕನ ಲಿಪಿಗಳು ಇಷ್ಟು ಒತ್ತಾಗಿ ದೊರೆತ ಸೀಮೆಗಳು ದೇಶದಲ್ಲಿಯೇ ವಿರಳವೆನ್ನುವಂತಾಯಿತು. ಇವುಗಳಲ್ಲಿ ಇಸಿಲದ ಹೆಸರನ್ನು ಹೇಳುವುವು ಈಗಲೂ ಮೊಳಕಾಲ್ಮೂರಿನ ಬಂಡೆಗಳೇ. ಆ ಇಸಿಲದಲ್ಲಿ ಕುಳಿತು ಆಣತಿಯನ್ನು ಬರಮಾಡಿಕೊಂಡ ಮಹಾಮಾತ್ರರು ಯಾವ ಭಾಷೆಯನ್ನಾಡುವ ಜನರಿಗೆ ಆ ಪ್ರಾಕೃತವನ್ನು ಓದಿ ಹೇಳಿಸಿದರು ಎಂಬ ಪ್ರಶ್ನೆಯನ್ನು ರೈಸರ ಸಂಪುಟವಾಗಲಿ ವ್ಹೀಲರರ ಅಗೆತವಾಗಲಿ ಬಿಡಿಸಿಲ್ಲ. ಕನ್ನಡದ ಪ್ರಾಚೀನತೆಯನ್ನು ವಿಚಾರಿಸುವವರು ಮುಂದೆ ಕೈಹಾಕಬೇಕಾದ ಕೆಲಸ ಅದು.